ಸಾಲಿಗೆ ಬಂದು ನಿಂತವನು

ಬಸವಾಪಟ್ಟಣದಲ್ಲಿ ಮಸೀದಿ ಎರಡು, ಹಾಗಾಗಿ ಫುಟ್‌ಬಾಲ್ ಟೀಮೂ ಎರಡು. ಮೊದಲು ಒಡೆದದ್ದು ಯಾವುದು, ಜಮಾತೋ ಟೀಮೋ ಎಂದು ಕೇಳಿದರೆ ಹಿರಿಯರೂ ತಲೆ ಕೆರೆದುಕೊಳ್ಳುತ್ತಾರೆ. ಮೇಲಿನ ಮಸೀದಿಯವರು ನಮಾಜು ಮುಗಿದ ಮೇಲೆ ಎದ್ದು ನಿಂತು ಸಲಾಮು ಹೇಳುತ್ತಾರೆ, ದರ್ಗಾಕ್ಕೆ ಹೂವಿನ ಚಾದರ ಹೊದಿಸುತ್ತಾರೆ. ಕೆಳಗಿನ ಮಸೀದಿಯವರು ಎರಡನ್ನೂ ಮಾಡುವುದಿಲ್ಲ. ಇಷ್ಟಕ್ಕೇ ಜಗಳವೇ ಎಂದು ಹೊರಗಿನವರಿಗೆ ಅನ್ನಿಸಬಹುದು. ಒಳಗಿನವರ ಮುಂದೆ ಹಾಗೆಂದು ನೋಡಿ, ಗೊತ್ತಾಗುತ್ತದೆ. ಮೇಲಿನವರದು ಹಸಿರು ಅಂಗಿ, ಕೆಳಗಿನವರದು ಬಿಳಿ ಅಂಗಿ. ಬಕ್ರೀದ್ ಕಳೆದ ಮೊದಲ ಭಾನುವಾರ ಸಂತೆ ಮೈದಾನದಲ್ಲಿ ಎರಡೂ ಎದುರಾಗುತ್ತವೆ. ಅವತ್ತು ಒಂದೇ ಹೋಟೆಲಿನಲ್ಲಿ ಕೂತವರೂ ಮುಖ ಆ ಕಡೆ ಈ ಕಡೆ ತಿರುಗಿಸಿಕೊಂಡು ಚಹಾ ಕುಡಿಯುತ್ತಾರೆ.

ಅನೀಸಾ ಹುಟ್ಟಿದ್ದು ಬಿಳಿ ಅಂಗಿಯ ಮನೆಯಲ್ಲಿ, ಸೇರಿದ್ದು ಹಸಿರು ಅಂಗಿಯ ಮನೆಯನ್ನು.

ಅವಳ ಅಪ್ಪ ಜಹಾಂಗೀರ್ ಸಾಬರು ಗಾದಿ ಹೊಲಿಯುವವರು. ಪಿಂಜಾರರ ಮನೆ, ಒಳಗೂ ಹೊರಗೂ ಕನ್ನಡವೇ. ಹತ್ತಿ ಹಿಂಜುವ ಕೆಲಸದಲ್ಲಿ ಹುಬ್ಬು, ಮೀಸೆಯೆಲ್ಲ ಸದಾ ಬೆಳ್ಳಗಿರುತ್ತಿದ್ದುದರಿಂದ ಅವರಿಗೆ ನಿಜವಾಗಿ ವಯಸ್ಸಾದದ್ದು ಯಾವಾಗ ಎಂಬುದು ಯಾರ ಗಮನಕ್ಕೂ ಬರಲಿಲ್ಲ. ಹರೆಯದಲ್ಲಿ ಊರಿನ ಗೋಲ್‌ಕೀಪರ್ ಆಗಿದ್ದರು. ಮೊಣಕಾಲು ಕೈಕೊಟ್ಟ ಮೇಲೆ ಹುಡುಗರಿಗೆ ಆಟ ಕಲಿಸತೊಡಗಿದರು. ಸಂಜೆ ಅಂಗಡಿ ಮುಚ್ಚಿ, ಒಂದು ಚಿಕ್ಕ ಗಾದಿಯನ್ನು ಕಂಕುಳಲ್ಲಿ ಇರುಕಿಕೊಂಡು ಮೈದಾನಕ್ಕೆ ಹೋಗಿ, ಗೋಲ್ ಕಂಬದ ಪಕ್ಕ ಹಾಸಿಕೊಂಡು ಕೂರುತ್ತಿದ್ದರು. ಬಯ್ಯುವುದೂ ಅಲ್ಲಿಂದಲೇ, ಹೊಗಳುವುದೂ ಅಲ್ಲಿಂದಲೇ. ಅವರದೊಂದು ಕಟ್ಟುನಿಟ್ಟು ಇತ್ತು. ಗೋಲು ಹೊಡೆದವನು ಕುಣಿಯುವ ಮೊದಲು ಗಾದಿಯ ಕಡೆ ತಿರುಗಿ ಬಲಗೈ ಎತ್ತಬೇಕು. ಸಾಬರೂ ಕೂತಲ್ಲಿಂದಲೇ ಕೈ ಎತ್ತುತ್ತಿದ್ದರು.

"ನೀ ಹೊಡೆದಿದ್ದನ್ನ ನಾ ನೋಡೀನಿ ಅಂತ ನಿನಗೆ ಗೊತ್ತಾಗಬೇಕಲ್ಲೋ," ಎನ್ನುತ್ತಿದ್ದರು.

ಟೀಮು ಎರಡಾದ ಮೇಲೂ ಈ ಪದ್ಧತಿ ಒಡೆಯಲಿಲ್ಲ. ಯಾಕೆಂದರೆ ಹಸಿರಿನವರೂ ಕಲಿತದ್ದು ಅವರ ಕೈಯಲ್ಲೇ. ಹಸಿರು ಟೀಮು ಗೋಲು ಹೊಡೆದಾಗಲೂ ಹುಡುಗರು ಗಾದಿಯ ಕಡೆ ಕೈ ಎತ್ತುತ್ತಿದ್ದರು, ಸಾಬರು ತಮ್ಮ ಟೀಮಿನ ಮೇಲೆ ಬಿದ್ದ ಗೋಲಿಗೂ ಕೈ ಎತ್ತಿ ಕೂರುತ್ತಿದ್ದರು. ಕೆಳಗಿನ ಮಸೀದಿಯ ಕೆಲವರಿಗೆ ಇದನ್ನು ನೋಡಿದರೆ ಹೊಟ್ಟೆ ಉರಿಯುತ್ತಿತ್ತು.

ಇನ್ನು ಸಾಬರು ಕೆಳಗಿನ ಮಸೀದಿಯವರಾಗಿದ್ದು ಯಾಕೆ ಎಂದರೆ ಅದಕ್ಕೂ ಮೊಣಕಾಲೇ ಕಾರಣ. ಮೇಲಿನ ಮಸೀದಿಗೆ ಕಡಿದಾದ ಮೆಟ್ಟಿಲು. ಕೆಳಗಿನದು ಅಂಗಡಿಯ ಪಕ್ಕದಲ್ಲೇ, ಹೊಸಿಲು ದಾಟಿದರೆ ಚಾಪೆ. ಉರುಸಿನ ದಿನ ದರ್ಗಾದ ಸಕ್ಕರೆಗೂ ಅವರು ಕೈ ಒಡ್ಡುತ್ತಿದ್ದರು. ಧರ್ಮದ ದೊಡ್ಡ ದೊಡ್ಡ ಮಾತುಗಳನ್ನು ಬಲ್ಲವರನ್ನು ಹೊಟ್ಟು ತುಂಬಿದ ಗಾದಿ ಯಾವುದು, ಹತ್ತಿ ತುಂಬಿದ ಗಾದಿ ಯಾವುದು ಎಂದಷ್ಟೇ ಕೇಳಿ ನಗುತ್ತಿದ್ದ ಮನುಷ್ಯ.

ಇಸ್ರಾರ್ ಅವರ ಶಿಷ್ಯ, ಹಸಿರು ಟೀಮಿನ ಕ್ಯಾಪ್ಟನ್, ಹೊನ್ನಾಳಿಯ ಒಂದು ಗ್ಯಾರೇಜಿನಲ್ಲಿ ಮೆಕ್ಯಾನಿಕ್. ತಂದೆ ದಾದಾಪೀರ್ ಸಾಬರು ತೀರಿಕೊಂಡ ಮೇಲೆ ಚಿಕ್ಕಪ್ಪ ಮುಬಾರಕ್ ಸಾಬರ ನೆರಳಿನಲ್ಲಿ ಬೆಳೆದವನು. ಮುಬಾರಕ್ ಸಾಬರು ಮೇಲಿನ ಮಸೀದಿ ಕಮಿಟಿಯ ಅಧ್ಯಕ್ಷರು. ಇಸ್ರಾರ್ ದಿಂಬು ಹೊಲಿಸುವ ನೆಪದಲ್ಲಿ ಪಿಂಜಾರರ ಮನೆ ಬಾಗಿಲಿಗೆ ಬರತೊಡಗಿ, ಕೊನೆಗೆ ಅವನ ಮನೆಯಲ್ಲಿ ತಲೆಗಿಂತ ದಿಂಬು ಜಾಸ್ತಿಯಾದವು. ಆಗ ಎರಡೂ ಕಡೆಯವರಿಗೆ ವಿಷಯ ತಿಳಿಯಿತು. ಪಿಂಜಾರರ ಹುಡುಗಿ, ಸರಿಯಾಗಿ ಉರ್ದೂನೂ ಬರಲ್ಲ, ಅದೂ ಕೆಳಗಿನವರು ಎಂದು ಮೇಲಿನವರು ಮೂಗು ಮುರಿದರು. ಗೋರಿಗೆ ತಲೆ ಬಾಗುವವರ ಮನೆಗೆ ಮಗಳನ್ನು ನೂಕಿದ ಎಂದು ಕೆಳಗಿನವರು ಆಡಿಕೊಂಡರು. ಸಾಬರು ಮಾತ್ರ, "ಹುಡುಗ ಎಡಗಾಲಿನಾಗೂ ಹೊಡೀತಾನೆ, ಇನ್ನೇನು ಬೇಕು," ಎಂದು ನಿಕಾಹ್ ಮಾಡಿಕೊಟ್ಟರು. ಹೆಣ್ಣಿನ ಒಪ್ಪಿಗೆ ಕೇಳಲು ಪರದೆಯ ಬಳಿ ಬಂದ ವಕೀಲರು ಅವರೇ ಆಗಿದ್ದರು. ಅಪ್ಪನ ದನಿ ನಡುಗಿದ್ದನ್ನು ಅನೀಸಾ ಮೊದಲ ಸಲ ಕೇಳಿದ್ದು ಅವತ್ತು.

ಸಂಕ್ರಾಂತಿಯ ಹಿಂದೆ ಮುಂದೆ ಒಂದು ಮಧ್ಯಾಹ್ನ ಸಾಬರು ಅಂಗಡಿಯಲ್ಲಿ ಗಾದಿಗೆ ಹೊಲಿಗೆ ಹಾಕುತ್ತಾ ಹಾಕುತ್ತಾ ಅದರ ಮೇಲೇ ಒರಗಿಬಿಟ್ಟರು. ಸೂಜಿ ಬೆರಳಲ್ಲೇ ಇತ್ತು.

ಊರಿಗೆ ಊರೇ ಬಂತು. ಮೇಲಿನವರೂ ಬಂದರು. ಆದರೆ ಬಸವಾಪಟ್ಟಣದ ಸಾವಿಗೆ ಒಂದು ಕ್ರಮವಿದೆ. ಕೆಳಗಿನವರ ಮನೆಯಲ್ಲಿ ಸಾವಾದರೆ ಮೇಲಿನವರು ಹೆಗಲು ಕೊಡುತ್ತಾರೆ, ಖಬರಸ್ತಾನದವರೆಗೂ ನಡೆಯುತ್ತಾರೆ. ಸತ್ತವರಿಗೆ ದೇವರ ದಯೆ ಬೇಡುವ ಜನಾಜಾ ನಮಾಜಿಗೆ ಸಾಲು ನಿಲ್ಲುವ ಹೊತ್ತಿಗೆ ಮಾತ್ರ ಪಕ್ಕದ ಹುಣಸೆಮರದ ಕೆಳಗೆ ಸರಿದು ನಿಂತುಬಿಡುತ್ತಾರೆ. ನಮಾಜು ಮುಗಿದ ಮೇಲೆ ಮತ್ತೆ ಬಂದು ಮಣ್ಣು ಹಾಕುತ್ತಾರೆ. ಮೇಲಿನವರ ಸಾವಿಗೆ ಕೆಳಗಿನವರೂ ಅದೇ ಮರದ ಕೆಳಗೆ ನಿಲ್ಲುತ್ತಾರೆ. ಆ ಕಡೆಯ ಇಮಾಮರ ಹಿಂದೆ ನಮಾಜಿಗೆ ನಿಂತವನ ನಿಕಾಹ್ ಮುರಿದುಬೀಳುತ್ತದೆ ಎಂದು ಮೇಲಿನ ಮಸೀದಿಯಲ್ಲಿ ಹೇಳಿಕೊಡುತ್ತಾರೆ. ಇದನ್ನು ಮೊದಲು ಹೇಳಿದವರು ಯಾರು, ಯಾವ ಕಾಲದಲ್ಲಿ ಎಂದು ಯಾರೂ ಕೇಳುವುದಿಲ್ಲ. ಹುಣಸೆಮರಕ್ಕೆ ಮಾತು ಬರುವುದಿಲ್ಲ, ಬಂದಿದ್ದರೆ ಬೇರೆ ಕಡೆ ಹೋಗಿ ನಿಲ್ರಪ್ಪಾ ಎನ್ನುತ್ತಿತ್ತೋ ಏನೋ.

ಹೆಂಗಸರು ಖಬರಸ್ತಾನಕ್ಕೆ ಹೋಗುವಂತಿಲ್ಲ. ಅನೀಸಾ ಮನೆಯಲ್ಲಿ ಅವ್ವ ಆಮಿನಾಳ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಗಂಡ ಮರದ ಕೆಳಗೆ ನಿಂತಿರುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಅದನ್ನು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ. ಕೇಳದ ಆ ಮಾತು ಅವಳ ಎದೆಯಲ್ಲಿ ಸಣ್ಣ ಮುಳ್ಳಿನಂತೆ ಉಳಿದುಕೊಂಡಿತ್ತು. ಕೆಲವು ದಿನ ಅವನಿಗೆ ಅನ್ನ ಬಡಿಸುವಾಗಲೂ ಅದು ಚುಚ್ಚುತ್ತಿತ್ತು.

ಆರು ತಿಂಗಳು ಕಳೆಯಿತು. ಅನೀಸಾಳ ಬಸುರಿಗೆ ನಾಲ್ಕು ತಿಂಗಳು ತುಂಬಿತ್ತು. ಬಕ್ರೀದ್ ಆಗಿ, ಭಾನುವಾರದ ಆಟಕ್ಕೆ ಇನ್ನೇನು ನಾಲ್ಕು ದಿನ ಎನ್ನುವಾಗ ಗುರುಬಸವರಾಜ್ ಒಂದು ವಿಡಿಯೋ ಮಾಡಿದ.

ಗುರುಬಸವರಾಜ್ ಬಿಳಿ ಟೀಮಿನ ಗೋಲ್‌ಕೀಪರ್, ಲಿಂಗಾಯತರ ಹುಡುಗ, ಬಸ್‌ಸ್ಟ್ಯಾಂಡಿನ ಹತ್ತಿರ ಗೊಬ್ಬರದಂಗಡಿ. ಟೀಮು ಒಡೆದಾಗ ಜಹಾಂಗೀರ್ ಸಾಬರ ಗಾದಿ ಎಲ್ಲಿತ್ತೋ ಆ ಕಡೆ ಉಳಿದುಕೊಂಡವನು, ಅಷ್ಟೇ. ಸಾಬರಿಲ್ಲದೆ ನಡೆಯುವ ಮೊದಲನೇ ಆಟವೆಂದು ಅವನಿಗೆ ಸಂಕಟವಾಗಿ, ಅವರ ಹಳೇ ಫೋಟೋಗಳು, ಮೈದಾನದಲ್ಲಿ ಬಯ್ಯುತ್ತಿರುವ ತುಣುಕುಗಳು, ಮಣ್ಣಿನ ದಿನ ತಾನೇ ಗೋಡೆಯಾಚೆಯಿಂದ ಹಿಡಿದಿದ್ದ ದೃಶ್ಯ, ಎಲ್ಲವನ್ನೂ ಜೋಡಿಸಿ "ನಮ್ಮ ಕೋಚ್" ಎಂದು ಹೆಸರಿಟ್ಟು ಎಲ್ಲರಿಗೂ ಕಳಿಸಿದ. ಪ್ರೀತಿಯಿಂದಲೇ ಮಾಡಿದ. ಅದರಲ್ಲಿ ಏನಿದೆ ಎಂದು ಅವನಿಗೆ ಹೇಗೆ ಗೊತ್ತಾಗಬೇಕು? ಮರದ ಕೆಳಗೆ ನಿಂತವರು, ಸಾಲಲ್ಲಿ ನಿಂತವರು ಎಲ್ಲರೂ ಅವನ ಕಣ್ಣಿಗೆ ಸಾಬರಿಗಾಗಿ ಬಂದ ಜನ.

ಅನೀಸಾ ಒಲೆಯ ಮುಂದೆ ನಿಂತೇ ನೋಡಿದಳು. ಅಪ್ಪನ ನಗು ಬಂತು, ಬಯ್ಗುಳ ಬಂತು. ಆಮೇಲೆ ಖಬರಸ್ತಾನ. ಬಿಳೀ ಬಟ್ಟೆ ಹೊದ್ದ ಡೋಲಿ, ಅದರ ಮುಂದೆ ಸಾಲುಗಳು, ಬದಿಗೆ ಹುಣಸೆಮರ. ಮರದ ಕೆಳಗಿನ ಗುಂಪಿನಿಂದ ಒಬ್ಬ ಚಪ್ಪಲಿ ಕಳಚಿ, ತಲೆಗೆ ಕರವಸ್ತ್ರ ಕಟ್ಟಿಕೊಳ್ಳುತ್ತಾ, ಹೆಚ್ಚುಕಡಿಮೆ ಓಡಿಕೊಂಡೇ ಬಂದು ಕೊನೆಯ ಸಾಲಿನ ತುದಿಗೆ ನಿಂತು ಕೈ ಕಟ್ಟಿದ. ಆ ಓಟ ಅವಳಿಗೆ ಗೊತ್ತಿದ್ದ ಓಟ. ಇಸ್ರಾರ್.

ಹಾಲು ಉಕ್ಕಿ ಒಲೆ ಆರಿತು. ಅವಳು ಮತ್ತೆ ಮತ್ತೆ ನೋಡಿದಳು. ಆರು ತಿಂಗಳಿನ ಮುಳ್ಳು ತಾನಾಗಿ ಕಳಚಿ ಬಿತ್ತು. ಮದುವೆಯಾದಂದಿನಿಂದ ಅವನನ್ನು ಇಷ್ಟಪಟ್ಟಿದ್ದಳು. ಆ ಸಂಜೆ ಇಷ್ಟಪಟ್ಟಷ್ಟು ಹಿಂದೆಂದೂ ಇಷ್ಟಪಟ್ಟಿರಲಿಲ್ಲ.

ಹೊನ್ನಾಳಿ ಬಸ್ಸಿಳಿದು ಅವನು ಬಂದಾಗ, ಕೈಗೆ ಹತ್ತಿದ ಗ್ರೀಸು ತೊಳೆಯುವುದಕ್ಕೂ ಬಿಡದೆ ಕೇಳಿದಳು.

"ನೀವು ಸಾಲಿಗೆ ಹೋಗಿ ನಿಂತಿದ್ರಿ. ನನಗ್ಯಾಕೆ ಹೇಳಲಿಲ್ಲ?"

ಅವನು ನಲ್ಲಿ ತಿರುಗಿಸಿ ಕೈ ಒಡ್ಡಿದ. "ಹೇಳೋದೇನೈತೆ? ಮರದ ಕೆಳಗೆ ನಿಂತ್ಕಂಡಿದ್ದೆ. ಮಾವ ಅಲ್ಲಿ ಮಲಗಿದ್ರು. ಆಟಕ್ಕೆ ಲೇಟಾಗಿ ಬಂದ್ರೆ ಬಯ್ಯೋರಲ್ಲ, ಹಂಗೆ ಬಯ್ದಂಗಾತು. ಕಾಲು ತಾನೇ ಓಡ್ತು."

ಅವಳು ಒದ್ದೆ ಕೈಯನ್ನೇ ಹಿಡಿದುಕೊಂಡು ಅತ್ತಳು. ಅವನೂ ಕಣ್ಣೊರೆಸಿಕೊಂಡ. ಅವಳ ಸೆರಗಿಗೆಲ್ಲ ಗ್ರೀಸು ಹತ್ತಿತು.

ಶುಕ್ರವಾರದ ಹೊತ್ತಿಗೆ ಅದೇ ವಿಡಿಯೋ ಮೇಲಿನ ಮಸೀದಿಯ ಎಲ್ಲ ಫೋನುಗಳಲ್ಲೂ ಇತ್ತು. ಯಾರೋ ಪುಣ್ಯಾತ್ಮರು ಇಸ್ರಾರ್ ಓಡುವ ಕಡೆ ಕೆಂಪು ಬಣ್ಣದಲ್ಲಿ ಸುತ್ತು ಹಾಕಿದ್ದರು. ಕೆಳಗಿನವರೇನು ಕಡಿಮೆಯೇ? "ನಿಮ್ಮ ಕ್ಯಾಪ್ಟನ್ನೇ ನಮ್ಮ ಇಮಾಮರ ಹಿಂದೆ ನಿಂತವನು, ಕಪ್ ನಮಗೇ ಕೊಟ್ಟುಬಿಡ್ರಿ," ಎಂದು ಬರೆದು ತಿರುಗಿ ಕಳಿಸಿದರು. ಆ ಒಂದು ಸಾಲು ಸಾಕಾಯಿತು, ಆವತ್ತು ಮರದ ಕೆಳಗೆ ಕಂಡೂ ಕಾಣದಂತಿದ್ದವರೂ ಇನ್ನು ಹಾಗಿರುವಂತಿರಲಿಲ್ಲ.

ಶುಕ್ರವಾರ ಸಂಜೆ ಮುಬಾರಕ್ ಸಾಬರು ಬಂದರು. ಕೆಟ್ಟ ಮನುಷ್ಯನಲ್ಲ. ಜಹಾಂಗೀರ್ ಸಾಬರು ತೀರಿಕೊಂಡ ದಿನ ಆ ಮನೆಗೆ ಊಟ ಹೊರಿಸಿ ತಂದವರು ಇವರೇ. ಇವರು ಮಲಗುವ ಗಾದಿಯೂ ಜಹಾಂಗೀರ್ ಸಾಬರು ಹೊಲಿದದ್ದೇ. ಕುರ್ಚಿಯ ತುದಿಯಲ್ಲಿ ಕೂತು, ಟೋಪಿ ತೆಗೆದು ಮತ್ತೆ ಹಾಕಿಕೊಂಡು ಮಾತು ಶುರು ಮಾಡಿದರು.

"ಕಮಿಟಿಯವರು ಎಲ್ಲಾ ಕೂತಿದ್ವಿ. ಇಸ್ರಾರ್ ಮಸೀದಿಗೆ ಬಂದು, ತಪ್ಪಾತು ಅಂತ ತೋಬಾ ಮಾಡಬೇಕು. ಆಮೇಲೆ ನಿಕಾಹ್ ಒಂದ್ಸಲ ಓದಿಸಿಬಿಡೋದು. ಶನಿವಾರ ಸಂಜೆ ಅಸರ್ ನಮಾಜು ಆದಮೇಲೆ. ಐದು ನಿಮಿಷದ ಕೆಲಸ. ಭಾನುವಾರ ಆಟ ಐತೆ, ಅಷ್ಟರೊಳಗೆ ಮುಗಿಸಿಬಿಟ್ರೆ ಯಾರ ಬಾಯೂ ಏಳಲ್ಲ."

"ಯಾರ ನಿಕಾಹ್?" ಎಂದಳು ಅನೀಸಾ, ಬಾಗಿಲ ಹಿಂದಿನಿಂದ.

"ನಿಮ್ಮಿಬ್ಬರದೇ ಅಮ್ಮಾ."

"ನಮ್ಮದು ಆಗೈತಲ್ಲ ಚಾಚಾ."

"ಅದು ಆವತ್ತು ಮುರೀತು ಅಂತ ಲೆಕ್ಕ."

ಅನೀಸಾ ಹೊರಗೆ ಬಂದಳು. ಮಾವನ ಸಮಾನರ ಮುಂದೆ ಹಾಗೆ ಬಂದು ನಿಂತವಳಲ್ಲ. "ಆವತ್ತು ಮುರೀತು ಅಂದ್ರೆ," ಎಂದು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. "ಇದು ಆಮೇಲೆ ನಿಂತಿದ್ದು."

ಇಷ್ಟು ದೊಡ್ಡ ಕಮಿಟಿ ಕೂತು ಎಲ್ಲವನ್ನೂ ಯೋಚಿಸಿತ್ತು, ಇದೊಂದನ್ನು ಯೋಚಿಸಿರಲಿಲ್ಲ. ಮುಬಾರಕ್ ಸಾಬರ ಮುಖ ಕಪ್ಪಿಟ್ಟಿತು. ತಿಳಿಯದೆ ಆದದ್ದಕ್ಕೆ ಮಾಫಿ ಇರುತ್ತದೆ, ಮೌಲ್ವಿಗಳನ್ನು ಕೇಳೋಣ ಎಂದು ತೊದಲಿದರು. ಮಾಫಿ! ತನ್ನ ಮಗುವಿಗೆ ಹುಟ್ಟುವ ಮೊದಲೇ ಮಾಫಿ ಕೊಡಿಸಲು ಹೊರಟವರನ್ನು ಅನೀಸಾ ಮಿಕಮಿಕ ನೋಡಿದಳು. ಇಸ್ರಾರ್ ಗೋಡೆಗೆ ಒರಗಿ ನಿಂತಿದ್ದ.

ಚಾಚಾ ಹೋದ ಮೇಲೆ ಅವನು ಹೇಳಿದ, "ಏನ್ ಮಾಡಾಕೆ ಆಗ್ತದೆ ಅನೀಸಾ? ಅಪ್ಪ ಹೋದಾಗಿಂದ ಸಾಕಿದೋರು. ಮಸೀದಿಯಿಂದ ಹೊರಗೆ ಹಾಕಿದ್ರೆ ಅಮ್ಮಿ ಸಾಯ್ತಾಳೆ. ಟೀಮಿನೋರು ನನ್ನ ಜೊತೆ ಬಾಲೂ ಮುಟ್ಟಲ್ಲ ಅಂತಾರೆ. ಒಂದು ಮಾತು. ನಮಗೆ ನಿಜ ಗೊತ್ತೈತಲ್ಲ."

"ಸಾಲಿಗೆ ನಿಂತಿದ್ದು ತಪ್ಪು ಅಂತ ಅಂತೀರಾ ತೋಬಾದಾಗೆ?"

ಅವನು ಅಂಗಿಯ ಗುಂಡಿಯನ್ನು ತಿರುವುತ್ತಾ ನಿಂತ. ಅದೇ ಉತ್ತರವಾಯಿತು.

ಮರುದಿನ ಬೆಳಿಗ್ಗೆ ಅವಳು ತವರಿಗೆ ಹೋದಳು. ತವರೆಂದರೆ ದೂರವೇನಿಲ್ಲ, ಸಂತೆ ಮೈದಾನ ದಾಟಿದರೆ ಆಯಿತು. ಆಮಿನಾ ಗಂಡನ ಅಂಗಡಿಯಲ್ಲಿ ಕೂತು ಯಾರದೋ ಹಳೇ ಗಾದಿಯನ್ನು ಬಿಚ್ಚಿ ಹತ್ತಿ ಬಿಡಿಸುತ್ತಿದ್ದಳು. ಜಗಳೂರು ಕಡೆಯ ಹೆಣ್ಣು, ಚಿಕ್ಕಂದಿನಿಂದ ಹತ್ತಿಯಲ್ಲೇ ಬೆಳೆದವಳು. ಎಲ್ಲವನ್ನೂ ಕೇಳಿ, ಕೈ ನಿಲ್ಲಿಸದೆ ಹೇಳಿದಳು.

"ಒಪ್ಪಿಗೆ ಅಂದುಬಿಡವ್ವಾ. ಹೆಣ್ಣುಮಕ್ಕಳ ಬಾಯಿಂದ ಎಂಥೆಂಥದೋ ಅನ್ನಿಸ್ಯಾರೆ. ಇದೂ ಒಂದು."

"ಅಪ್ಪನ ಜನಾಜಾ ನಮಾಜು ಸುಳ್ಳು ಅಂತ ಒಪ್ಕಂಡಂಗೆ ಆಗ್ತದಲ್ಲವ್ವ."

"ನಿಮ್ಮಪ್ಪನಿಗೆ ಇವರು ಯಾರೂ ಬ್ಯಾಡ ಈಗ. ಅವರಿಗೆ ಸಿಗಬೇಕಾದ್ದು ಸಿಕ್ಕೈತೆ. ಹೊಟ್ಟೆಯಾಗಿಂದಕ್ಕೆ ಒಬ್ಬ ಅಪ್ಪ ಬೇಕು. ಹೋಗು, ಅಂದುಬಿಡು." ಹೇಳುತ್ತಾ ಹೇಳುತ್ತಾ ಅವಳ ಮುಖಕ್ಕೆ ಹತ್ತಿಯ ಎಳೆಗಳು ಅಂಟಿಕೊಂಡವು. ಕಣ್ಣೀರಿಗೆ ಅಂಟಿಕೊಂಡವು ಎಂದು ಅನೀಸಾಳಿಗೆ ಗೊತ್ತಾಯಿತು.

ಹಾಗಾಗಿ ಅನೀಸಾ ಒಪ್ಪಿಕೊಂಡೇ ವಾಪಸು ಬಂದಳು. ಇದನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ಆಮೇಲೆ ಊರು ಅವಳನ್ನು ಹಟಮಾರಿ ಎಂದಿತು. ಅವಳು ಹಟ ಮಾಡಲು ಕೂತವಳಲ್ಲ. ಅತ್ತೆ ಕೊಟ್ಟ ಹಸಿರು ಸೀರೆ ಉಟ್ಟಳು, ತಲೆ ಮುಚ್ಚಿಕೊಂಡಳು, ಪರದೆಯ ಹಿಂದೆ ಚಾಪೆಯ ಮೇಲೆ ಕೂತು ಆ ಮಾತನ್ನು ಮನಸ್ಸಿನಲ್ಲೇ ಅಂದುಕೊಂಡು ಬಾಯಿಗೆ ರೂಢಿ ಮಾಡಿಕೊಳ್ಳುತ್ತಿದ್ದಳು.

ಪರದೆಯ ಆಚೆ ಪಡಸಾಲೆಯಲ್ಲಿ ಕಮಿಟಿಯವರು, ಟೀಮಿನ ಹುಡುಗರು, ಮೌಲ್ವಿಗಳು. ಇಸ್ರಾರ್ ಮಧ್ಯಾಹ್ನವೇ ತೋಬಾ ಮಾಡಿ ಬಂದಿದ್ದ. ಮುಬಾರಕ್ ಸಾಬರು ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡು, ಹೆಣ್ಣಿನ ಪರವಾಗಿ ವಕೀಲರಾಗಿ ಪರದೆಯ ಬಳಿ ಬಂದರು. ಮೊದಲ ಸಲ ಹಾಗೆ ಬಂದು ಕೇಳಿದ್ದವರು ಅಪ್ಪ. ಗಂಟಲು ಸರಿಮಾಡಿಕೊಂಡು ಕೇಳಿದರು.

"ಮರ್ಹೂಂ ದಾದಾಪೀರ್ ಸಾಬರ ಮಗ ಇಸ್ರಾರ್ ಜೊತೆಗೆ, ಜಹಾಂಗೀರ್ ಅನ್ನೋರ ಮಗಳು ಅನೀಸಾ, ನಿನ್ನ ನಿಕಾಹ್ ಓದಿಸಾಕೆ ನಿನಗೆ ಒಪ್ಪಿಗೆನಾ?"

ಅನೀಸಾ ಬಾಯಿ ತೆರೆದಳು. ಮಾತು ತುದಿ ನಾಲಿಗೆಯಲ್ಲೇ ಇತ್ತು. ಅದರ ಬದಲು ಬೇರೆ ಮಾತು ಬಂತು.

"ಚಾಚಾ, ನಮ್ಮಪ್ಪ ಬದುಕ್ಯಾರಾ?"

"ಏನಮ್ಮಾ ಇದು?"

"ನಿಮ್ಮ ಅಣ್ಣನಿಗೆ ಮರ್ಹೂಂ ಅಂದ್ರಿ. ನಮ್ಮಪ್ಪನಿಗೆ ಬರೇ ಜಹಾಂಗೀರ್ ಅಂದ್ರಿ."

ತೀರಿಕೊಂಡ ಮುಸಲ್ಮಾನರ ಹೆಸರಿಗೆ ಮೊದಲು ಮರ್ಹೂಂ ಎನ್ನುತ್ತಾರೆ, ದೇವರ ದಯೆಗೆ ಸಂದವರು ಎಂದು. ಮದುವೆ ಕಾರ್ಡಿನಲ್ಲಿ ಹಾಕುತ್ತಾರೆ, ಅಂಗಡಿ ಬೋರ್ಡಿನಲ್ಲಿ ಹಾಕುತ್ತಾರೆ, ಸತ್ತವರ ಮೇಲೆ ಸಿಟ್ಟಿದ್ದವರೂ ಹಾಕುತ್ತಾರೆ. ಮುಬಾರಕ್ ಸಾಬರು ಬೇಕೆಂದೇ ಬಿಟ್ಟರೋ, ಮೌಲ್ವಿಗಳ ಎದುರಿಗೆ ಹೆದರಿ ಬಿಟ್ಟರೋ ಯಾರಿಗೆ ಗೊತ್ತು. ಅವರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು.

"ಅದೊಂದು ಅನ್ರಿ ಚಾಚಾ," ಎಂದಳು ಅನೀಸಾ. "ಮರ್ಹೂಂ ಜಹಾಂಗೀರ್ ಸಾಬರ ಮಗಳು ಅನ್ರಿ. ನಾನು ಒಪ್ಪಿಗೆ ಅಂತೀನಿ. ಎಷ್ಟು ಸಲ ಬೇಕಾದ್ರೂ ಅಂತೀನಿ."

ಪಡಸಾಲೆಯಲ್ಲಿ ಗುಜುಗುಜು ಎದ್ದಿತು. ಕಮಿಟಿಯ ಯಾರೋ ಒಬ್ಬರು, ಕೋಪದಲ್ಲಿ ಹಿಂದುಮುಂದು ನೋಡದೆ, ಗಟ್ಟಿಯಾಗಿ ಅಂದೇಬಿಟ್ಟರು. "ಅದು ಹೆಂಗಾಗ್ತದೆ? ಅವರನ್ನ ಮರ್ಹೂಂ ಅಂದ್ರೆ ಅವರ ಜನಾಜಾ ಸರಿ ಅಂತಾತು. ಜನಾಜಾ ಸರಿ ಅಂದಮೇಲೆ ಈ ನಿಕಾಹ್ ಯಾಕೆ ಓದಿಸ್ಬೇಕು?"

ಹೇಳಿದವರಿಗೇ ತಾವು ಹೇಳಿದ್ದು ಕೇಳಿಸಿತು. ಸತ್ಯ ಕೆಲವು ಸಲ ಹೀಗೆ, ಅದನ್ನು ತಡೆಯಲು ಬಂದವರ ಬಾಯಿಂದಲೇ ಜಾರಿಬಿಡುತ್ತದೆ. ಜಾರಿದರೂ ಎತ್ತಿಕೊಳ್ಳುವವರು ಯಾರೂ ಇರಲಿಲ್ಲ.

ಅನೀಸಾ ಎದ್ದು ಪರದೆ ಸರಿಸಿದಳು. ಅಷ್ಟು ಗಂಡಸರ ನಡುವೆ ಅವಳಿಗೆ ಬೇಕಾದದ್ದು ಒಂದೇ ಮುಖ. ಇಸ್ರಾರ್ ಕೊರಳಿಗೆ ಮಲ್ಲಿಗೆ ಹಾರ ಹಾಕಿಕೊಂಡು ಕೂತಿದ್ದ. ಮರ್ಹೂಂ ಎಂಬ ಆ ಮಾತನ್ನು ಅವನು ಅನ್ನಬಹುದಿತ್ತು. ಆ ಮನೆಯಲ್ಲಿ ಯಾರಿಗಿಂತ ಹೆಚ್ಚಾಗಿ ಅವನೇ ಅನ್ನಬಹುದಿತ್ತು. ಚಪ್ಪಲಿ ಕಳಚಿ ಓಡಿ ಬಂದವನು, ಸಾಲಲ್ಲಿ ನಿಂತು ಆ ದಯೆಯನ್ನೇ ದೇವರಲ್ಲಿ ಬೇಡಿದವನು. ಅವಳು ಕಾದಳು. ಮಲ್ಲಿಗೆಯ ಎಸಳೊಂದನ್ನು ಅವನು ಉಗುರಿನಿಂದ ಚಿವುಟುತ್ತಿದ್ದ.

"ಅಂದುಬಿಡು ಅನೀಸಾ," ಎಂದ ತಲೆಯೆತ್ತದೆ. "ಎಲ್ಲರೂ ಕಾಯಾಕೆ ಹತ್ಯಾರೆ."

"ನಾನೂ ಕಾಯ್ತಿದ್ದೆ," ಎಂದಳು ಅವಳು.

ಉಟ್ಟ ಹಸಿರು ಸೀರೆಯಲ್ಲೇ ಸಂತೆ ಮೈದಾನ ದಾಟಿದಳು. ನಾಳೆಯ ಆಟಕ್ಕೆ ಹುಡುಗರು ಸುಣ್ಣದ ಗೆರೆ ಎಳೆಯುತ್ತಿದ್ದರು. ಅವಳು ಗೆರೆಯನ್ನು ತುಳಿಯದಂತೆ ದಾಟಿದಳು. ಚಿಕ್ಕಂದಿನಲ್ಲಿ ಅಪ್ಪ ಕಲಿಸಿದ್ದ ರೂಢಿ.

ಆ ಸಂಜೆಯೇ ಕೆಳಗಿನ ಮಸೀದಿಯವರು ಒಂದು ಪೊಟ್ಟಣ ಮಿಠಾಯಿ ಹಿಡಿದು ಬಂದರು. "ನಮ್ಮ ಹುಡುಗಿ ಅವರ ಮುಖಕ್ಕೆ ಹೊಡೆದಂಗೆ ಮಾಡಿದ್ಲು," ಎಂದು ಆಮಿನಾಳ ಮುಂದೆ ಹಿಗ್ಗಿದರು. ಅವರ ಲೆಕ್ಕದಲ್ಲಿ ಅದೊಂದು ಗೋಲು. ಆಮಿನಾ ಮಿಠಾಯಿಯನ್ನು ಅವರ ಕೈಗೇ ಕೊಟ್ಟು, "ಸಾವಿನ ಮನೆಗೆ ಸಿಹಿ ತರಬಾರದ್ರಪ್ಪ," ಎಂದು ಬಾಗಿಲು ಹಾಕಿಕೊಂಡಳು.

ಇಸ್ರಾರ್ ಬರಬಹುದೆಂದು ಅನೀಸಾ ಕಾದಳು. ಬಂದದ್ದು ಸುದ್ದಿ. ಹುಡುಗ ತೋಬಾ ಮಾಡಿದ್ದಾನೆ, ಅವನ ಕಡೆಯಿಂದ ತಪ್ಪು ತೊಳೆದುಹೋಯಿತು. ನಿಕಾಹ್ ಬೇಡವೆಂದವಳು ಅವಳು. ಈಗ ಅವನಿಗೆ ಹೆಂಡತಿಯೇ ಇಲ್ಲವೆಂದ ಮೇಲೆ ಮುರಿಯುವುದು, ಕೂಡುವುದು ಎಂಬ ಮಾತೂ ಇಲ್ಲ, ಆಡಲಿ ಎಂದು ಕಮಿಟಿ ತೀರ್ಮಾನಿಸಿತಂತೆ. ಎಷ್ಟು ಸಲೀಸಾಗಿ ಅವಳನ್ನು ಅಳಿಸಿಹಾಕಿದರು! ಸುಣ್ಣದ ಗೆರೆಯನ್ನು ಅಳಿಸಲಾದರೂ ಕಾಲಿಂದ ಉಜ್ಜಬೇಕು.

ಭಾನುವಾರ ಬೆಳಿಗ್ಗೆ ಗುರುಬಸವರಾಜ್ ಬಂದ. ಹೊಸಿಲಾಚೆಯೇ ನಿಂತ.

"ಅನೀಸಕ್ಕ, ಆ ವಿಡಿಯೋ ನಾ ಮಾಡಬಾರದಿತ್ತು."

"ನೀ ಮಾಡದಿದ್ರೆ ಅವರು ಸಾಲಿಗೆ ನಿಂತಿದ್ದು ನನಗೆ ಗೊತ್ತೇ ಆಗ್ತಿರಲಿಲ್ಲ," ಎಂದಳು ಅನೀಸಾ. ಅದು ಸಮಾಧಾನದ ಮಾತಲ್ಲ, ನಿಜವೇ.

"ಆವತ್ತು ನಾನೂ ಮಣ್ಣು ಹಾಕೀನಿ, ಕೈ ಮುಗಿದೀನಿ. ನನಗೆ ಯಾರೂ ಏನೂ ಅನ್ನಲಿಲ್ಲ. ಮನೆಗೆ ಹೋಗಿ ನನ್ನ ಹೆಂಡ್ತಿ ವಾಣಿಶ್ರೀ ಮಾಡಿದ ಊಟ ಉಂಡೆ." ಅಷ್ಟು ಹೇಳಿ ಅವನು ಕಣ್ಣು ಕೆಳಗೆ ಹಾಕಿದ. ಆಮೇಲೆ, "ಸಾಬರ ಗಾದಿ ಕೊಡ್ತೀರಾ? ಕಂಬದ ಪಕ್ಕ ಹಾಸ್ತೀನಿ. ಅದಿಲ್ದೆ ಗೋಲಿನಾಗೆ ನಿಲ್ಲಾಕೆ ಆಗಲ್ಲ," ಎಂದ.

ಅನೀಸಾ ಅಟ್ಟದಿಂದ ಗಾದಿ ತೆಗೆದು, ದೂಳು ಕೊಡವಿ ಕೊಟ್ಟಳು. ಅದರ ನಡುವೆ ಅಪ್ಪ ಕೂತ ಗುಳಿ ಇನ್ನೂ ಹಾಗೇ ಇತ್ತು.

ಮಧ್ಯಾಹ್ನವೆಲ್ಲ ಮೈದಾನದ ಸದ್ದು ಮನೆಗೆ ಬರುತ್ತಿತ್ತು. ಸೀಟಿ, ಚಪ್ಪಾಳೆ, ಬಯ್ಗುಳ. ಅವ್ವ ಮಗಳು ಬಾಗಿಲು ಹಾಕಿಕೊಂಡು ಹತ್ತಿ ಬಿಡಿಸುತ್ತಾ ಕೂತರು. ಒಮ್ಮೆ ದೊಡ್ಡ ಕೂಗು ಎದ್ದಿತು. ಗೋಲಾಗಿರಬೇಕು. ಆದರೆ ಆ ಕೂಗು ಎಂದಿನಂತೆ ಬೆಳೆಯಲಿಲ್ಲ, ಎದ್ದ ಹಾಗೇ ಕಡಿದುಹೋಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

ಆಟ ಮುಗಿದ ಮೇಲೆ ಗುರುಬಸವರಾಜ್ ಗಾದಿ ತಿರುಗಿ ತಂದ. ಮೈಯೆಲ್ಲ ಮಣ್ಣು.

"ಸೋತ್ವಿ ಅಕ್ಕ. ಒಂದೇ ಗೋಲು. ಇಸ್ರಾರೇ ಹೊಡೆದ."

ಅನೀಸಾ ಗಾದಿಯನ್ನು ಕೈಗೆ ತೆಗೆದುಕೊಂಡಳು.

"ಎಡಗಾಲಿನಾಗೆ ಹೊಡೆದ, ಬಾಲು ನನ್ನ ಕೈಗೆ ಸಿಗಲಿಲ್ಲ. ಅವರ ಹುಡುಗರು ಕುಣೀತಾ ಓಡಿ ಬಂದ್ರು ಅವನ್ನ ಎತ್ತಾಕೆ. ಅವ್ನು ಅಷ್ಟ್ರಾಗೆ ಈ ಕಡೆ ತಿರುಗಿಬಿಟ್ಟಿದ್ದ." ಗುರುಬಸವರಾಜ್ ಗಾದಿಯನ್ನು ತೋರಿಸಿದ. "ಖಾಲಿ ಗಾದಿ. ಅದರ ಕಡೆ ನೋಡ್ಕಂತ ಕೈ ಎತ್ತಿದ. ಎಲ್ಲಾ ನೋಡಿದ್ರು, ಮುಬಾರಕ್ ಸಾಬರೂ ನೋಡಿದ್ರು. ಎತ್ತಿದ ಕೈ ಇಳಿಸ್ಲೇ ಇಲ್ಲ ಅಕ್ಕ. ಆ ಕಡೆಯಿಂದ ಸಾಬರ ಕೈ ಏಳಲಿ ಅಂತ ಕಾಯೋನಂಗೆ ನಿಂತಿದ್ದ."

ಒಳಗಿನಿಂದ ಆಮಿನಾ ಬಿಕ್ಕಿದ್ದು ಕೇಳಿಸಿತು.

"ಬಾಯಿ ಬಿಟ್ಟು ಏನಾದ್ರೂ ಅಂದ್ರಾ?" ಎಂದು ಕೇಳಿದಳು ಅನೀಸಾ.

"ಇಲ್ಲ ಅಕ್ಕ. ಕೈ ಅಷ್ಟೇ."

ಅವನು ಹೋದ ಮೇಲೆ ಅನೀಸಾ ಗಾದಿಯ ಸುರುಳಿ ಬಿಚ್ಚಿ ನೆಲಕ್ಕೆ ಹಾಸಿ ಅದರ ಗುಳಿಯಲ್ಲಿ ಕೂತಳು. ಕಾಲು ಓಡಬಲ್ಲ, ಕೈ ಎತ್ತಬಲ್ಲ ಮನುಷ್ಯ. ನಿನ್ನೆ ಅದೊಂದು ಮಾತಿಗೆ ಬಾಯಿ ಬಂದಿದ್ದರೆ ಸಾಕಿತ್ತು. ಅಪ್ಪ ಸತ್ತಾಗ ಅತ್ತದ್ದಕ್ಕಿಂತ ಹೆಚ್ಚಾಗಿ ಅವಳು ಅವತ್ತು ಅತ್ತಳು, ಮೈದಾನದಾಚೆಯ ಬೀದಿಯಲ್ಲಿ ಬದುಕಿರುವವನಿಗಾಗಿ ಅತ್ತಳು. ಅಪ್ಪನಿಗಾದರೂ ಸಾಲು ನಿಂತು ದಯೆ ಬೇಡುವವರಿದ್ದರು. ಆ ಸಾಲಿನ ತುದಿಯಲ್ಲಿ ಇವನೂ ಇದ್ದ.